ಶಾಕ್ ಬದಲಿಸುವ ಮೊದಲು ಟೇಪು ಹಿಡಿಯಿರಿ

ಚೆರ್ಕಳದಿಂದ ಬದಿಯಡ್ಕ, ಪೆರ್ಲ ದಾಟಿ ಅಡ್ಕಸ್ಥಳಕ್ಕೆ ದಿನಾ ಬೈಕಿನಲ್ಲಿ ಓಡಾಡುವವರಿಗೆ ದಾರಿಯ ಒಂದೊಂದು ಹಂಪೂ ಸೊಂಟದಲ್ಲೇ ಬಾಯಿಪಾಠ. ಮಳೆ ಬಿಟ್ಟ ಕೂಡಲೇ ಹಲವರು ವರ್ಕ್‌ಶಾಪಿಗೆ ಹೋಗಿ ‘ಶಾಕ್ ಹೋಗಿದೆ, ದುಬಾರಿಯದ್ದೇ ಹಾಕಿ’ ಅನ್ನುತ್ತಾರೆ. ಶಾಕ್ ಎಂದರೆ ಗುಂಡಿಯ ಪೆಟ್ಟು ನುಂಗುವ ಶಾಕ್ ಅಬ್ಸಾರ್ಬರ್. ಅವಸರ ಬೇಡ. ಬಹಳಷ್ಟು ಬೈಕುಗಳ ತೊಂದರೆ ಗಾಳಿ, ಆಯಿಲ್ ಮತ್ತು ಸರಿಯಾಗಿ ಹೊಂದಿಸದ ಸ್ಪ್ರಿಂಗ್‌ನಲ್ಲೇ ಮುಗಿಯುತ್ತದೆ.

ಮೊದಲು ಟಯರಿನ ಗಾಳಿ. ಕಂಪನಿ ಹೇಳಿದಷ್ಟೇ ಇರಲಿ. ಹೆಚ್ಚಿದ್ದರೆ ಎಂಥ ಶಾಕ್ ಹಾಕಿದರೂ ಕುಕ್ಕುತ್ತದೆ. ಆಮೇಲೆ ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ, ಫೋರ್ಕಿನ (ಮುಂದಿನ ಚಕ್ರ ಹಿಡಿದಿರುವ ಎರಡು ಕಾಲುಗಳ) ಕೆಳತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ‘ಟಕ್’ ಎಂದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಸಡಿಲ. ಹಿಂದಿನ ಚಕ್ರ ಎಡಕ್ಕೆ ಬಲಕ್ಕೆ ಆಡಿದರೆ ಆ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಬುಷ್ ಅಥವಾ ಚಕ್ರದ ಬೇರಿಂಗ್ ಸವೆದಿರಬಹುದು. ಇವನ್ನು ಸರಿಮಾಡದೆ ಶಾಕಿಗೆ ಹಣ ಹಾಕಬೇಡಿ.

ಫೋರ್ಕ್ ಪೈಪಿನ ಮೇಲೆ ಬೆರಳಾಡಿಸಿ ನೋಡಿ. ಎಣ್ಣೆಯ ಪಸೆ ತಾಗಿದರೆ ಸೀಲ್ ಸೋರುತ್ತಿದೆ. ಉಗುರಿಗೆ ಸಣ್ಣ ಸಣ್ಣ ಚುಕ್ಕೆ ತಡೆದರೆ ಅದು ತುಕ್ಕು. ನಮ್ಮ ಕಡಲ ಗಾಳಿಗೆ, ಬಿಡದೆ ಸುರಿಯುವ ಮಳೆಗೆ ಇದು ಬೇಗ ಬರುತ್ತದೆ. ತುಕ್ಕಿನ ಪೈಪಿಗೆ ಹೊಸ ಸೀಲ್ ಹಾಕಿದರೂ ಅದೂ ಹರಿದುಹೋಗುತ್ತದೆ.

ಇನ್ನು ಅಳತೆ. ಇದಕ್ಕೆ ಇಬ್ಬರು ಜೊತೆಗಿರಲಿ. ಹಿಂಚಕ್ರ ತೂಗಾಡುವಾಗ ಆಕ್ಸಲ್‌ನಿಂದ ಸೀಟಿನ ಕೆಳಗಿನ ಒಂದು ಗುರುತಿಗೆ ಎಷ್ಟಿದೆ ಎಂದು ಟೇಪಿನಲ್ಲಿ ಅಳೆಯಿರಿ. ಚಕ್ರಗಳನ್ನು ನೆಲಕ್ಕಿಳಿಸಿ, ಸವಾರನಿಲ್ಲದೆ ಇನ್ನೊಮ್ಮೆ. ಕೊನೆಗೆ ನೀವು ಹೆಲ್ಮೆಟ್ ಸಮೇತ ಕೂತಾಗ ಮತ್ತೊಮ್ಮೆ. ಒಬ್ಬರು ಬೈಕು ಹಿಡಿದಿರಲಿ, ಇನ್ನೊಬ್ಬರು ಅಳೆಯಲಿ. ಮೊದಲ ಮತ್ತು ಮೂರನೇ ಅಳತೆಯ ವ್ಯತ್ಯಾಸವೇ ನಿಮ್ಮ ಭಾರಕ್ಕೆ ಬೈಕು ಕುಗ್ಗಿದ್ದು. ಚಕ್ರದ ಒಟ್ಟು ಓಟದ, ಅಂದರೆ ಅದು ಮೇಲೆ ಕೆಳಗೆ ಆಡಬಲ್ಲ ದೂರದ, ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕುಗ್ಗಿದರೆ ಸರಿ. ಓಟ 120 ಮಿಲಿಮೀಟರ್ ಇದ್ದರೆ 30ರಿಂದ 40. ಮುಂದಿನ ಫೋರ್ಕಿಗೂ ಇದೇ ಲೆಕ್ಕ.

ಹೆಚ್ಚು ಕುಗ್ಗಿದರೆ ಹಿಂದಿನ ಶಾಕಿನ ನಾಚ್ ಅನ್ನು, ಅಂದರೆ ಸ್ಪ್ರಿಂಗ್ ಒತ್ತಿಡುವ ಉಂಗುರದ ಮೆಟ್ಟಿಲನ್ನು, ಸಿ ಆಕಾರದ ಸ್ಪ್ಯಾನರಿನಿಂದ ಒಂದೊಂದೇ ಏರಿಸಿ. ಎರಡು ಶಾಕ್ ಇದ್ದರೆ ಎರಡೂ ಒಂದೇ ನಾಚಿನಲ್ಲಿರಬೇಕು. ನಾಚ್ ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಹಾಗಲ್ಲ, ಬೈಕು ಕೂರುವ ಎತ್ತರ ಏರುತ್ತದೆ ಅಷ್ಟೆ. ಹಾಗಾಗಿ ಎರಡನೇ ಅಳತೆಯನ್ನು ಬಿಡಬೇಡಿ: ನೀವು ಕೂತಾಗಿನ ಲೆಕ್ಕ ಸರಿಬಂದ ಮೇಲೂ ಬೈಕು ತನ್ನ ತೂಕಕ್ಕೆ ಒಂದಿಷ್ಟೂ ಕುಗ್ಗದಿದ್ದರೆ ಸ್ಪ್ರಿಂಗ್ ನಿಮಗೆ ಮೆದು. ಆಗ ಹೊಸ ಸ್ಪ್ರಿಂಗ್ ಬೇಕಾಗುತ್ತದೆ. ತೋಟದಿಂದ ಅಡಿಕೆ ಗೋಣಿ ಹೇರಿ ತರುವವರು ಗೋಣಿ ಹೇರಿಯೇ ಅಳೆಯಲಿ. ಖಾಲಿ ಓಡಿಸುವಾಗ ನಾಚ್ ಇಳಿಸಿಕೊಳ್ಳಲಿ.

ಫೋರ್ಕ್ ಆಯಿಲ್ ಕಡಿಮೆ ಖರ್ಚಿನಲ್ಲಿ ಹೆಚ್ಚು ಸುಖ ಕೊಡುವ ಕೆಲಸ, ಆದರೂ ಎಲ್ಲರೂ ಮರೆಯುವುದು ಇದನ್ನೇ. ಹಳೆಯದು ಕಪ್ಪಾಗಿ, ನೀರಾಗಿ ಹೋಗಿರುತ್ತದೆ. ಮೇಲಿನ ಮುಚ್ಚಳ ತೆಗೆಯುವಾಗ ಮುಖ ದೂರವಿರಲಿ, ಒಳಗೆ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ. ಹಳೆಯ ಆಯಿಲ್ ಪೂರ್ತಿ ಬಸಿದು, ಕಂಪನಿ ಹೇಳಿದ ಗ್ರೇಡಿನದ್ದನ್ನೇ ತುಂಬಿ. ಕೆಲವು ಸಲ ಪಂಪಿನಂತೆ ಮೇಲೆ ಕೆಳಗೆ ಆಡಿಸಿ ಗಾಳಿ ಬಿಡಿಸಿ. ಸ್ಪ್ರಿಂಗ್ ಹೊರಗಿಟ್ಟು, ಫೋರ್ಕ್ ಪೂರ್ತಿ ಒತ್ತಿ, ಎರಡೂ ಕಾಲಿನ ಆಯಿಲ್ ಮಟ್ಟ ಸಮ ಮಾಡಿ. ಗಟ್ಟಿ ಬೇಕೆಂದು 20ಡಬ್ಲ್ಯೂನಂಥ ದಪ್ಪ ಆಯಿಲ್ ಹಾಕಿಸುವ ಅಭ್ಯಾಸ ಕೆಟ್ಟದ್ದು. ಗುಂಡಿಯ ಚೂಪು ಅಂಚಿಗೆ ಫೋರ್ಕ್ ಕುಗ್ಗಲು ಹೊತ್ತು ಸಾಲದೆ ಪೆಟ್ಟು ನೇರ ಮಣಿಕಟ್ಟಿಗೆ ಬರುತ್ತದೆ.

ಇಷ್ಟಾದ ಮೇಲೂ ಸೀಟು ಒತ್ತಿ ಬಿಟ್ಟಾಗ ಹಿಂಭಾಗ ಎರಡು ಮೂರು ಸಲ ಕುಣಿದರೆ ಶಾಕಿನ ಒಳಗಿನ ಡ್ಯಾಂಪಿಂಗ್ (ಕುಣಿತ ತಡೆಯುವ ಶಕ್ತಿ) ಸತ್ತಿದೆ, ಬದಲಿಸಲೇಬೇಕು. ಹೊಸದರ ಮೇಲಿನ ಕಣ್ಣಿನಿಂದ ಕೆಳಗಿನ ಕಣ್ಣಿಗೆ ಹಳೆಯದರಷ್ಟೇ ಉದ್ದವಿರಲಿ. ಉದ್ದದ ಶಾಕ್ ಹಾಕಿ ಹಿಂಭಾಗ ಎತ್ತರಿಸಿದರೆ ಹ್ಯಾಂಡಲ್ ಚುರುಕಾಗುತ್ತದೆ ನಿಜ, ಆದರೆ ವೇಗದಲ್ಲಿ ನಡುಗಬಹುದು. ಗ್ಯಾಸ್ ತುಂಬಿದ ಮೋನೋಶಾಕನ್ನು (ಹಿಂದೆ ಒಂದೇ ಇರುವ ಶಾಕ್) ಮನೆಯಲ್ಲಿ ಬಿಚ್ಚಲೇಬಾರದು. ಆರ್‌ಸಿಯಲ್ಲಿನ ವಿವರ ಕಂಪನಿ ಹೇಳಿದ್ದಕ್ಕಿಂತ ಬೇರೆಯಾಗುವಂಥ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ, ಇದೂ ನೆನಪಿರಲಿ.

ಎಲ್ಲ ಬೋಲ್ಟ್ ಬಿಗಿದ ಮೇಲೆ ಫೋರ್ಕ್ ಪೈಪಿಗೆ ಒಂದು ಕೇಬಲ್ ಟೈ ಕಟ್ಟಿ, ಸೀಲಿಗೆ ತಾಗುವಂತೆ ಕೆಳಗೆ ಸರಿಸಿ, ನಿಮ್ಮ ದಿನದ ದಾರಿಯಲ್ಲೇ ಹೋಗಿಬನ್ನಿ. ಫೋರ್ಕ್ ಕುಗ್ಗಿದಷ್ಟೂ ಟೈ ಮೇಲೆ ಸರಿದಿರುತ್ತದೆ. ಓಟದ ಕೊನೆ ಮುಟ್ಟಿದ್ದರೆ ಸ್ಪ್ರಿಂಗ್ ಮೆದು ಅಥವಾ ಆಯಿಲ್ ಕಡಿಮೆ. ಗುಂಡಿ, ಹಂಪು, ಗಟ್ಟಿ ಬ್ರೇಕು ಎಲ್ಲ ಕಂಡ ಮೇಲೂ ಅರ್ಧದಲ್ಲೇ ನಿಂತಿದ್ದರೆ ನಿಮ್ಮ ಭಾರಕ್ಕೆ ಸ್ಪ್ರಿಂಗ್ ಗಟ್ಟಿಯಾಯಿತು.