ನಿವೃತ್ತ ಪೊಲೀಸರ ಪಿಂಚಣಿ: ಟ್ರಂಕ್‌ನಲ್ಲಿರುವ ಕಾಗದ ಮನೆಯವರ ಕೈಗೆ ಬರಲಿ

ಊರವರ ದೂರನ್ನೆಲ್ಲ ಅಚ್ಚುಕಟ್ಟಾಗಿ ಬರೆದುಕೊಂಡವರ ಮನೆಯಲ್ಲೇ ಸ್ವಂತ ಕಾಗದ ಎಲ್ಲಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಹಳೇ ಯೂನಿಫಾರ್ಮಿನ ಕೆಳಗೆ, ಟ್ರಂಕ್‌ನಲ್ಲಿ ಇರುತ್ತದೆ. ಅದರ ಬೀಗದ ಕೈ ಯಜಮಾನರ ಹತ್ತಿರ ಮಾತ್ರ. ಅವರು ಹೋದ ಮೇಲೆ ಹೆಂಡತಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ ಹತ್ತಿ ಹತ್ತಿ ಸುಸ್ತಾಗುತ್ತಾರೆ. ಸೌಲಭ್ಯ ಇಲ್ಲ ಅಂತಲ್ಲ, ಕಾಗದ ಸರಿ ಇಲ್ಲ ಅಂತ. ಹಾಗಾಗಿ ಈ ಕೆಲಸವನ್ನು ಯಜಮಾನರು ಇರುವಾಗಲೇ, ಗಂಡ ಹೆಂಡತಿ ಇಬ್ಬರೂ ಕೂತು ಮಾಡಬೇಕು.

ಮೊದಲು ಪಿಪಿಒ ತೆಗೆಯಿರಿ

ಪಿಂಚಣಿ ಪಾವತಿ ಆದೇಶ, ಅಂದರೆ ಪಿಪಿಒ. ಬೆಂಗಳೂರಿನ ಮಹಾಲೇಖಪಾಲರ ಕಚೇರಿಯಿಂದ ಬಂದಿರುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಆಧಾರ್, ಬ್ಯಾಂಕ್ ಪಾಸ್‌ಬುಕ್ ಎರಡನ್ನೂ ಹೋಲಿಸಿ ನೋಡಿ. ಪಿಪಿಒನಲ್ಲಿ ಹೆಂಡತಿಯ ಹೆಸರು ಲಕ್ಷ್ಮಮ್ಮ, ಆಧಾರ್‌ನಲ್ಲಿ ಲಕ್ಷ್ಮಿ, ಪಾಸ್‌ಬುಕ್‌ನಲ್ಲಿ ಇನಿಶಿಯಲ್ ಬೇರೆ. ನಮ್ಮ ಕಡೆ ಇದು ಮಾಮೂಲು. ಇವತ್ತು ಇದು ಸಣ್ಣ ತಿದ್ದುಪಡಿ, ನಾಳೆ ಅಫಿಡವಿಟ್ಟು, ಓಡಾಟ.

ಹೆಂಡತಿಯ ಹುಟ್ಟಿದ ದಿನಾಂಕ ಅದರಲ್ಲಿ ಇದೆಯಾ ಅಂತಲೂ ನೋಡಿ. ಹಳೆಯ ಆದೇಶಗಳಲ್ಲಿ ಬಹಳ ಸಲ ಇರುವುದೇ ಇಲ್ಲ. 80 ವರ್ಷ ತುಂಬಿದ ಮೇಲೆ ಶೇ 20ರಷ್ಟು ಹೆಚ್ಚುವರಿ ಪಿಂಚಣಿ ಸಿಗುತ್ತದೆ, ಯಜಮಾನರು ಹೋದ ಮೇಲೆ ಹೆಂಡತಿಗೆ ಬರುವ ಕುಟುಂಬ ಪಿಂಚಣಿಗೂ ಇದು ಉಂಟು. ಆದರೆ ವಯಸ್ಸೇ ದಾಖಲೆಯಲ್ಲಿ ಇಲ್ಲದಿದ್ದರೆ ಕೊಡುವುದು ಹೇಗೆ? ತಿದ್ದುಪಡಿಗೆ ನಿವೃತ್ತಿ ಹೊತ್ತಿಗೆ ಕೆಲಸ ಮಾಡುತ್ತಿದ್ದ ಘಟಕದ ಮೂಲಕವೇ ಅರ್ಜಿ ಹೋಗಬೇಕು. ಜಿಲ್ಲೆಯ ಠಾಣೆಗಳಲ್ಲಿದ್ದವರಾದರೆ ಶಿವಮೊಗ್ಗದ ಎಸ್‌ಪಿ ಕಚೇರಿಯ ಆಡಳಿತ ಶಾಖೆಗೆ ಹೋಗಿ. ಕೊಟ್ಟ ಅರ್ಜಿಯ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ವಾಪಸ್ ಬರಬೇಡಿ.

ಕಮ್ಯುಟೇಷನ್, ಅಂದರೆ ಪಿಂಚಣಿಯ ಒಂದು ಭಾಗವನ್ನು ಮೊದಲೇ ಇಡಿಗಂಟಾಗಿ ತೆಗೆದುಕೊಂಡವರು ಇನ್ನೊಂದು ತಾರೀಖು ಬರೆದಿಟ್ಟುಕೊಳ್ಳಿ. ಕಡಿತವಾದ ಆ ಭಾಗ 15 ವರ್ಷದ ನಂತರ ಮತ್ತೆ ಪಿಂಚಣಿಗೆ ಸೇರಬೇಕು. ತಾನಾಗೇ ಆಗುತ್ತೆ ಅಂತ ಸುಮ್ನೆ ಕೂರದೆ, ಆ ತಿಂಗಳು ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿ.

ನವೆಂಬರ್ ತಿಂಗಳ ಕೆಲಸ

ಬದುಕಿದ್ದೇನೆ ಅಂತ ವರ್ಷಕ್ಕೊಮ್ಮೆ ತೋರಿಸುವ ಜೀವನ ಪ್ರಮಾಣಪತ್ರದ ತಿಂಗಳು ಇದು. ಮಲೆನಾಡಿನಲ್ಲಿ ಅಡಿಕೆ ಕೊಯ್ಲಿನ ಗಡಿಬಿಡಿಯೂ ಆಗಲೇ. ಮರೆತರೆ ಪಿಂಚಣಿ ನಿಲ್ಲುತ್ತದೆ. ಬ್ಯಾಂಕಿಗೆ ಹೋಗಲು ಆಗದವರು ಅಂಚೆಯಣ್ಣನನ್ನು ಮನೆಗೇ ಕರೆಸಬಹುದು. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಇದಕ್ಕೆ 70 ರೂಪಾಯಿ ತೆಗೆದುಕೊಳ್ಳುತ್ತದೆ. ಆಧಾರ್, ಪಿಪಿಒ ನಂಬರ್, ಖಾತೆ ನಂಬರ್, ಮೊಬೈಲ್ ಹತ್ತಿರ ಇರಲಿ.

ಇಲ್ಲಿ ಒಂದು ಮಲೆನಾಡಿನದೇ ತೊಂದರೆ. ವರ್ಷಗಟ್ಟಲೆ ಅಡಿಕೆ ಸುಲಿದ ಕೈಯಲ್ಲಿ ಬೆರಳ ಗುರುತು ಸವೆದಿರುತ್ತದೆ, ಯಂತ್ರ ಒಪ್ಪುವುದಿಲ್ಲ. 2021ರಿಂದ ಮುಖ ತೋರಿಸಿ ಮಾಡುವ ವ್ಯವಸ್ಥೆ ಬಂದಿದೆ. ಮಕ್ಕಳ ಸ್ಮಾರ್ಟ್‌ಫೋನ್‌ನಲ್ಲೇ ಆಗುತ್ತದೆ. ನೆಟ್‌ವರ್ಕ್ ಸಿಗದ ಊರಾದರೆ ಪೇಟೆಗೆ ಬಂದ ದಿನ ಮಾಡಿಸಿ. ಕೇಂದ್ರವೋ ರಾಜ್ಯವೋ ಅಂತ ಕೇಳುವಲ್ಲಿ ರಾಜ್ಯ ಸರ್ಕಾರ, ಕರ್ನಾಟಕ ಅಂತಲೇ ಆರಿಸಿ. ಇಲ್ಲಿ ತಪ್ಪಿದರೆ ಪ್ರಮಾಣಪತ್ರ ಬೇರೆಲ್ಲೋ ಹೋಗಿ ಕೂರುತ್ತದೆ.

ಯಜಮಾನರು ತೀರಿಕೊಂಡರೆ

21 ದಿನದೊಳಗೆ ಮರಣ ನೋಂದಣಿ ಮಾಡಿಸಿ, ಪ್ರಮಾಣಪತ್ರದ ಪ್ರತಿಗಳನ್ನು ಸ್ವಲ್ಪ ಜಾಸ್ತಿಯೇ ತೆಗೆದಿಡಿ. ಪಿಂಚಣಿ ಬರುತ್ತಿದ್ದ ಬ್ಯಾಂಕಿಗೆ ಅಥವಾ ಖಜಾನೆಗೆ ಬೇಗ ತಿಳಿಸಿ. ನಂತರವೂ ಖಾತೆಗೆ ಬಂದ ಪಿಂಚಣಿಯನ್ನು ಖರ್ಚು ಮಾಡಬೇಡಿ, ಅದು ವಾಪಸ್ ಹೋಗಲೇಬೇಕಾದ ದುಡ್ಡು. ಎಷ್ಟೋ ಮನೆಗಳಲ್ಲಿ ತಿಥಿ ಖರ್ಚಿಗೆ ಇದನ್ನೇ ತೆಗೆದು, ಆಮೇಲೆ ಕುಟುಂಬ ಪಿಂಚಣಿಯಲ್ಲಿ ಕಡಿತ ನೋಡಿ ಗಾಬರಿಯಾಗುತ್ತಾರೆ.

ಕುಟುಂಬ ಪಿಂಚಣಿ ಸಾಮಾನ್ಯವಾಗಿ ಕೊನೆಯ ಮೂಲ ವೇತನದ ಶೇ 30. 2024ರ ಆಗಸ್ಟ್ 1ರಿಂದ ಕನಿಷ್ಠ 13,500 ರೂಪಾಯಿ. ದುಡಿಯಲಾಗದ ಅಂಗವಿಕಲ ಮಗ ಅಥವಾ ಮಗಳಿದ್ದರೆ ಅವರ ಹೆಸರನ್ನು ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಈಗಲೇ ದಾಖಲೆಗೆ ಸೇರಿಸಿಬಿಡಿ. ತಂದೆ ತಾಯಿ ಇಬ್ಬರೂ ಹೋದ ಮೇಲೆ ಇದನ್ನು ಸಾಬೀತು ಮಾಡುವುದು ಬಹಳ ಕಷ್ಟ. 2006ರ ಏಪ್ರಿಲ್ 1ರಿಂದ ಈಚೆಗೆ ಕೆಲಸಕ್ಕೆ ಸೇರಿದವರದು ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅದರ ದಾರಿ ಬೇರೆ.

"ಮಗನಿಗೆ ಅನುಕಂಪದ ಕೆಲಸ ಸಿಗುತ್ತಾ?" ಅಂತ ಕೇಳುವವರು ಜಾಸ್ತಿ. ನಿವೃತ್ತಿಯ ನಂತರ ತೀರಿಕೊಂಡರೆ ಸಿಗುವುದಿಲ್ಲ. ಅದು ಸೇವೆಯಲ್ಲಿರುವಾಗಲೇ ತೀರಿಕೊಂಡವರ ಕುಟುಂಬಕ್ಕೆ ಮಾತ್ರ. ಅವರೂ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ನಕ್ಸಲ್ ಅಥವಾ ಭಯೋತ್ಪಾದಕ ದಾಳಿಯಲ್ಲಿ ಮಡಿದ ಪೊಲೀಸರ ಮಕ್ಕಳಿಗೆ 2019ರಿಂದ ಪ್ರಧಾನಮಂತ್ರಿ ವಿದ್ಯಾರ್ಥಿವೇತನವೂ ಇದೆ.

ಆಸ್ಪತ್ರೆ ಖರ್ಚು

ಆರೋಗ್ಯ ಭಾಗ್ಯ ಅನ್ನುವುದು ಸೇವೆಯಲ್ಲಿರುವ ಪೊಲೀಸರಿಗಾಗಿ ಮಾಡಿದ ಯೋಜನೆ. ಹಳೆಯ ಹೆಲ್ತ್ ಕಾರ್ಡ್ ನಂಬಿಕೊಂಡು ಆಸ್ಪತ್ರೆ ಬಾಗಿಲಿಗೆ ಹೋಗಬೇಡಿ. ಎಪಿಎಲ್ ಕಾರ್ಡ್ ಇದ್ದವರಿಗೂ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ತುರ್ತು ಸಂದರ್ಭ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ನಮಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ. ಚಿಕಿತ್ಸೆ ಅಲ್ಲಿ ಇಲ್ಲದಿದ್ದರೆ ರೆಫರಲ್ ಬರೆಸಿಕೊಂಡೇ ಖಾಸಗಿ ಆಸ್ಪತ್ರೆಗೆ ಹೋಗಿ. ಅಡ್ಮಿಟ್ ಆದ ಮೇಲೆ ರೆಫರಲ್ ತರುತ್ತೇವೆ ಅಂದರೆ ನಡೆಯುವುದಿಲ್ಲ.

ಕಷ್ಟ ಇದ್ದರೆ ಪೊಲೀಸ್ ಕಲ್ಯಾಣ ನಿಧಿಯ ಬಗ್ಗೆ ಎಸ್‌ಪಿ ಕಚೇರಿಯಲ್ಲಿ ಕೇಳಿ. ಪ್ರತಿ ಏಪ್ರಿಲ್ 2ರ ಪೊಲೀಸ್ ಧ್ವಜ ದಿನದಂದು ಧ್ವಜ ಮಾರಿ ಕೂಡಿಸುವ ಹಣ ಇಂಥದ್ದಕ್ಕೇ, ನಿವೃತ್ತರಿಗೂ ಸೇರಿ. ಕೇಳಲು ಸಂಕೋಚ ಯಾಕೆ? ಸೇವೆಯಲ್ಲಿದ್ದಾಗ ನೀವೂ ಆ ಧ್ವಜ ಮಾರಿದವರೇ ಅಲ್ವಾ.

ಇನ್ನು ಫೋನ್ ಕರೆಗಳು. "ಖಜಾನೆಯಿಂದ ಮಾತಾಡ್ತಿದ್ದೀವಿ, ಲೈಫ್ ಸರ್ಟಿಫಿಕೇಟ್ ಅಪ್‌ಡೇಟ್ ಮಾಡ್ತೀವಿ, ಒಟಿಪಿ ಹೇಳಿ" ಅನ್ನುತ್ತಾರೆ. ಪಿಪಿಒ ನಂಬರ್, ನಿವೃತ್ತಿ ದಿನಾಂಕ ಎಲ್ಲ ಸರಿಯಾಗಿಯೇ ಹೇಳುವುದರಿಂದ ಕಳ್ಳರನ್ನು ಹಿಡಿದವರೂ ನಂಬಿಬಿಡುತ್ತಾರೆ. ಒಟಿಪಿ ಕೇಳಿದ ಕೂಡಲೇ ಫೋನ್ ಇಡಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕಿಗೆ ಹೋಗಿ.