ಹಳೆಯ ಸ್ವಿಸ್ ಆಟೊಮ್ಯಾಟಿಕ್ ಕೊಳ್ಳುವಾಗ ಹೂವಿನ ಎಸಳು ಎಣಿಸಿ

ಬೀದರ್‌ನಲ್ಲಿ ನಮ್ಮದು ಬಿದ್ರಿ ಕಸುಬು. ದಿನವಿಡೀ ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಸುತ್ತಿಗೆ. ಹೀಗಾಗಿ ಕೆಲಸದ ಹೊತ್ತಿನಲ್ಲಿ ಟಿಟೋನಿ ಎಂಬ ನನ್ನ ಹಳೆಯ ಸ್ವಿಸ್ ಕೈಗಡಿಯಾರ ಗೋಡೆಯ ಮೊಳೆಗೆ ನೇತಾಡುತ್ತಿರುತ್ತದೆ. ಕೈಯಾಡಿಸಿದರೆ ತಾನೇ ಚಾವಿ ತುಂಬಿಕೊಳ್ಳುವ ಗಡಿಯಾರವನ್ನು ಮೊಳೆಗೆ ಹಾಕುತ್ತೀಯಲ್ಲ ಎಂದು ಗೆಳೆಯರು ನಗುತ್ತಾರೆ. ಅತ್ತಿತ್ತ ತೂಗಿ ಲಯ ಕಾಯುವ ಅದರ ಬ್ಯಾಲೆನ್ಸ್ ಚಕ್ರ ನಿಂತಿರುವುದು ಕೂದಲೆಳೆಯಂಥ ತುದಿಯ ಮೇಲೆ. ಆಕಸ್ಮಿಕ ಏಟನ್ನು ತಾಳಲು ಇಂಕಾಬ್ಲಾಕ್ ಎಂಬ ಸ್ಪ್ರಿಂಗ್ ಇದೆ, ನಿಜ. ಆದರೆ ಸಂಜೆಯವರೆಗೆ ಸುತ್ತಿಗೆ ಹೊಡೆತ ತಾಳಲೆಂದು ಅದನ್ನು ಮಾಡಿಲ್ಲ.

ಚಿಕ್ಕಪ್ಪ ಮಸ್ಕತ್‌ನಿಂದ ತಂದದ್ದು ಇದು. ಡಯಲ್ ಮಾಸಿದೆ, ಅಂಚಿನಲ್ಲಿ ಚಹಾದ ಬಣ್ಣ ಬಂದಿದೆ. ಬೆಲೆ ಬಾಳುವ ವಸ್ತುವೇನಲ್ಲ. ಆದರೂ ಕಿವಿಯ ಬಳಿ ಹಿಡಿದು ಅಲುಗಾಡಿಸಿದರೆ ಒಳಗೆ ಅರ್ಧಚಂದ್ರಾಕಾರದ ರೋಟರ್ ಸುಯ್ಯೆಂದು ತಿರುಗುತ್ತದಲ್ಲ, ಆ ಸದ್ದಿಗೆ ನಾನು ಮರುಳಾದೆ. ಬ್ಯಾಟರಿ ಇಲ್ಲ, ನಾನು ನಡೆದರೆ ಅದಕ್ಕೆ ಜೀವ. ಕೈಗಡಿಯಾರಕ್ಕೆ ಈ ಉಪಾಯ ಹೊಂದಿಸಿ 1924ರಲ್ಲಿ ಸ್ವಿಸ್ ಪೇಟೆಂಟ್ ಪಡೆದವನು ಜಾನ್ ಹಾರ್ವುಡ್ ಎಂಬ ಇಂಗ್ಲಿಷ್ ಮನುಷ್ಯ. ಅವನ ರೋಟರ್ ಅತ್ತಿತ್ತ ಬಡಿದು ವಾಪಸಾಗುತ್ತಿತ್ತು. ಪೂರ್ತಿ ಸುತ್ತು ಹೊಡೆಯುವ ರೋಟರನ್ನು ರೋಲೆಕ್ಸ್ 1931ರಲ್ಲಿ ತಂದಿತು. 1969ರ ಕ್ರಿಸ್ಮಸ್ ದಿನ ಜಪಾನಿನ ಸೈಕೋ ಕಂಪನಿ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕಿಟ್ಟಿತು, ಬರಬರುತ್ತ ಆಟೊಮ್ಯಾಟಿಕ್‌ಗಳೆಲ್ಲ ಪೆಟ್ಟಿಗೆ ಸೇರಿದವು. ಈಗ ಆ ಪೆಟ್ಟಿಗೆಗಳಿಂದಲೇ ಮಾರುಕಟ್ಟೆಗೆ ಬರುತ್ತಿವೆ.

ಕೊಳ್ಳಲು ಹೊರಟವರು ಮೊದಲು ಡಯಲ್ ನೋಡಿ. ನಾನು ಮೋಸ ಹೋದದ್ದು ಅಲ್ಲಿಯೇ. ಚಿಕ್ಕಪ್ಪನ ಗಡಿಯಾರಕ್ಕೆ ಜೋಡಿಯಾಗಲಿ ಎಂದು ಹೈದರಾಬಾದಿನ ಹಳೆಯ ಸಾಮಾನಿನ ಸಂತೆಯಲ್ಲಿ ಇನ್ನೊಂದು ಟಿಟೋನಿ ಕೊಂಡೆ. ನವಿಲುಗತ್ತಿನ ನೀಲಿ, ನಿನ್ನೆಯಷ್ಟೇ ಕಾರ್ಖಾನೆಯಿಂದ ಬಂದಂತಿತ್ತು. ಮನೆಗೆ ಬಂದು, ಬೆಳ್ಳಿ ತಂತಿ ಕೂತಿದೆಯೋ ಇಲ್ಲವೋ ನೋಡುವ ಭೂತಗನ್ನಡಿ ಹಿಡಿದೆ. ಟಿಟೋನಿಯ ಗುರುತು ಐದೆಸಳಿನ ಹೂವು. ಚಿಕ್ಕಪ್ಪನದರಲ್ಲಿ ಎಸಳಿಗೂ ಎಸಳಿಗೂ ನಡುವೆ ಗೆರೆಯಷ್ಟು ಜಾಗವಿದೆ. ಹೊಸದರಲ್ಲಿ ಐದೂ ಎಸಳು ಕಲಸಿಹೋಗಿ ಹೂವಿನ ಬದಲು ಬೋಂಡಾ ಆಗಿತ್ತು. ನಿತ್ಯ ಹೂವು ಕೆತ್ತುವ ನನಗೆ ಆ ನಾಚಿಕೆ ಇಂದಿಗೂ ಇದೆ! ನಿಮಿಷದ ಗೆರೆಗಳು ಗಂಟೆಯ ಕಡ್ಡಿಗಳಿಗೆ ನೇರವಾಗಿರಲಿಲ್ಲ, ತಾರೀಖಿನ ಕಿಟಕಿಯ ಅಂಚಿನಲ್ಲಿ ಬಣ್ಣ ಗಟ್ಟಿಯಾಗಿ ನಿಂತಿತ್ತು. ಹಳೆಯ ಡಯಲನ್ನು ಉಜ್ಜಿ ಹೊಸ ಬಣ್ಣ ಬಳಿದು ಅಕ್ಷರ ಒತ್ತಿದ ಮಾಲು ಅದು.

ಇನ್ನೊಂದು ಗುರುತು ಆರು ಗಂಟೆಯ ಕೆಳಗಿದೆ. ‘ಸ್ವಿಸ್ ಮೇಡ್’ ಪದಗಳ ಎರಡೂ ಬದಿಗೆ ‘ಟಿ’ ಅಕ್ಷರವಿದ್ದರೆ ಕತ್ತಲಲ್ಲಿ ಹೊಳೆಯಲು ಟ್ರಿಟಿಯಂ ಹಚ್ಚಿದ್ದಾರೆ ಎಂದರ್ಥ. ‘ಟಿ’ ಇದ್ದು ಡಯಲಿನಲ್ಲಿಯೂ ಮುಳ್ಳಿನಲ್ಲಿಯೂ ಹೊಳೆಯುವ ಚುಕ್ಕೆಯೇ ಇಲ್ಲದಿದ್ದರೆ ಯಾರೋ ಕೈ ಆಡಿಸಿದ್ದಾರೆ. ಚುಕ್ಕೆಗಳು ಕಂದಾಗಿ ಮುಳ್ಳು ಮಾತ್ರ ಸುಣ್ಣದಂತೆ ಬೆಳ್ಳಗಿದ್ದರೂ ಅನುಮಾನಿಸಿ. ಟ್ರಿಟಿಯಂಗೂ ಮೊದಲು ಬಳಿಯುತ್ತಿದ್ದದ್ದು ರೇಡಿಯಂ. ಅಂಥ ಡಯಲನ್ನು ನೀವಾಗಿ ಬಿಚ್ಚಿ ಕೆರೆಯಲು ಹೋಗಬೇಡಿ, ಆ ಪುಡಿ ಮೈಗೆ ವಿಷ.

ಆಮೇಲೆ ಹಿಂಬದಿಯ ಮುಚ್ಚಳವನ್ನು ನಿಮ್ಮೆದುರೇ ತೆಗೆಸಿ. ಒಲ್ಲೆ ಎಂದವರ ಬಳಿ ಕೊಳ್ಳಬೇಡಿ. ಡಯಲಿನ ಹೆಸರೂ ರೋಟರಿನ ಹೆಸರೂ ಒಂದೇ ಆಗಿರಬೇಕು, ‘25 ಜ್ಯುವೆಲ್ಸ್’ ಎಂದು ಮುಂದೆ ಬರೆದಿದ್ದರೆ ಹಿಂದೆಯೂ ಅಷ್ಟೇ ಜ್ಯುವೆಲ್ಸ್, ಅಂದರೆ ಚಕ್ರದ ತುದಿ ಸವೆಯದಂತೆ ಕೂರಿಸಿದ ಕಲ್ಲು, ಇರಬೇಕು. ಸ್ಕ್ರೂಗಳ ತಲೆ ಕೆತ್ತಿಹೋಗಿದ್ದರೆ ಹಲವು ಒರಟು ಕೈ ದಾಟಿ ಬಂದಿದೆ. ಒಳಗಿರುವುದು ಈಟಿಎ ಎಂಬ ಸ್ವಿಸ್ ಕಂಪನಿಯ ಯಂತ್ರವಾದರೆ ಬಿಡಿಭಾಗ ಸಿಗುವುದು ಸುಲಭ. ರೋಟರ್ ತಿರುಗುವಾಗ ಕರಕರ ಎಂದರೆ ಅದರ ಬೇರಿಂಗ್ ಸವೆದಿದೆ, ದುರಸ್ತಿ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಮನೆಗೆ ತಂದ ಮೇಲೆ ಬಳಸುವ ರೀತಿ ಕಷ್ಟವೇನಲ್ಲ. ನಿಂತ ಗಡಿಯಾರವನ್ನು ಗಾಬರಿಯಿಂದ ಕುಲುಕಬೇಡಿ. ಚಾವಿಯನ್ನು ಇಪ್ಪತ್ತು ಮೂವತ್ತು ಸುತ್ತು ನಿಧಾನಕ್ಕೆ ಕೊಟ್ಟು ಕೈಗೆ ಕಟ್ಟಿ. ಆಟೊಮ್ಯಾಟಿಕ್‌ನಲ್ಲಿ ಸ್ಪ್ರಿಂಗ್ ತುಂಬಿದ ಮೇಲೆ ಜಾರುತ್ತದೆ, ಆದ್ದರಿಂದ ‘ತುಂಬಿತು’ ಎಂಬ ಬಿಗಿ ಬೆರಳಿಗೆ ಸಿಗುವುದಿಲ್ಲ. ಪೂರ್ತಿ ತುಂಬಿದರೆ ನನ್ನದು ಸುಮಾರು 38 ತಾಸು ನಡೆಯುತ್ತದೆ. ರಾತ್ರಿ ಒಂಬತ್ತರಿಂದ ನಸುಕಿನ ಮೂರರವರೆಗೆ ತಾರೀಖು ಬದಲಿಸಲು ಹೋಗಬೇಡಿ, ಹಲ್ಲುಗಳು ಆಗ ಕಚ್ಚಿಕೊಂಡಿರುತ್ತವೆ. ದಿನಕ್ಕೆ ಅರ್ಧ ನಿಮಿಷ ಹೆಚ್ಚುಕಡಿಮೆಯಾದರೆ ಸುಮ್ಮನಿರಿ. ಇದ್ದಕ್ಕಿದ್ದಂತೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಸ್ಪೀಕರಿನ ಅಥವಾ ಮೊಬೈಲ್ ಕವರಿನ ಅಯಸ್ಕಾಂತದ ಗುಣ ಅದಕ್ಕೆ ತಗುಲಿರಬಹುದು. ರಿಪೇರಿಯವರು ಅದನ್ನು ಕ್ಷಣದಲ್ಲಿ ಇಳಿಸುತ್ತಾರೆ. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿಸಿ, ತೊಳೆಸಿ, ಎಣ್ಣೆ ಹಾಕಿಸಿ. ‘ವಾಟರ್‌ಪ್ರೂಫ್’ ಎಂದು ಎಷ್ಟು ಚಂದ ಬರೆದಿದ್ದರೂ ನೀರು ತಡೆಯುವ ಒಳಗಿನ ರಬ್ಬರ್ ಉಂಗುರಕ್ಕೆ ನಿಮ್ಮಷ್ಟೇ ವಯಸ್ಸಾಗಿರಬಹುದು, ನೀರಿಗೆ ಇಳಿಸಬೇಡಿ.

ಗಾಜು ಗೀರು ಬಿದ್ದಿದ್ದರೆ ಸಂತೋಷಪಡಿ. ಆ ಕಾಲದ ಗಾಜು ಬಹುಪಾಲು ಅಕ್ರಿಲಿಕ್. ಮೆತ್ತನೆಯ ಬಟ್ಟೆಗೆ ಚೂರು ಬಿಳಿಯ ಟೂತ್‌ಪೇಸ್ಟ್ ಹಚ್ಚಿ ಹತ್ತು ನಿಮಿಷ ಉಜ್ಜಿದರೆ ತಿಳಿಯಾಗುತ್ತದೆ. ಈ ಯಶಸ್ಸಿನಿಂದ ಉಬ್ಬಿ ನಾನು ಚಿಕ್ಕಪ್ಪನ ಗಡಿಯಾರದ ಉಕ್ಕಿನ ಕವಚವನ್ನೂ ಕಾರ್ಯಾಗಾರದ ಪಾಲಿಶ್ ಚಕ್ರಕ್ಕೆ ಹಿಡಿದೆ. ಹೂಜಿಗೂ ಹುಕ್ಕಾಬುಡಕ್ಕೂ ಅದು ಸರಿ. ಇಲ್ಲಿ ಪಟ್ಟಿ ಸೇರುವ ನಾಲ್ಕು ಕೊಂಬುಗಳಲ್ಲಿ ಒಂದರ ಚೂಪು ಅಂಚು ನೋಡನೋಡುತ್ತಲೇ ಸಾಬೂನಿನಂತೆ ದುಂಡಗಾಯಿತು. ಉಳಿದ ಮೂರನ್ನು ಸಮ ಮಾಡುವ ಆಸೆ ಹುಟ್ಟಿತ್ತು. ಸ್ವಿಚ್ ಆರಿಸಿ ಎದ್ದೆ. ಉಚಿತವಾಗಿ ಪಾಲಿಶ್ ಮಾಡಿಕೊಡುತ್ತೇನೆ ಎಂದು ಅಂಗಡಿಯವರು ಹೇಳಿದರೂ ಬೇಡ ಎನ್ನಿ.

ಕೊನೆಗೆ ಪಟ್ಟಿ. ಅದನ್ನು ಹಿಡಿದಿಡುವ ಎರಡು ಸ್ಪ್ರಿಂಗ್ ಕಡ್ಡಿಗಳನ್ನು ಕೊಂಡ ದಿನವೇ ಬದಲಿಸಿ, ತುಕ್ಕು ಹಿಡಿದ ಕಡ್ಡಿ ಬಸ್ಸಿನಲ್ಲಿ ಕಂಬಿ ಹಿಡಿದಾಗಲೇ ಮುರಿಯುತ್ತದೆ. ಬೀದರ್‌ನಲ್ಲಿ ನನಗೆ ಚರ್ಮದ ಪಟ್ಟಿ ಸಾಕು. ಮೇ ತಿಂಗಳಲ್ಲಿ ಕಲಬುರಗಿಯ ಬೀಗರ ಮನೆಗೆ ಹೊರಟರೆ ಮಾತ್ರ ಹಿಂದಿನ ರಾತ್ರಿಯೇ ಅದನ್ನು ಕಳಚಿ ನೈಲಾನ್ ಪಟ್ಟಿ ಹಾಕಿಡುತ್ತೇನೆ.