ಹಳೆಯ ಗೀಸರ್ ಬದಲಿಸಬೇಕೇ, ದುರಸ್ತಿ ಸಾಕೇ?

ಗೀಸರ್ ಕೈಕೊಟ್ಟಾಗ ಮೊದಲು ತಿಳಿಯಬೇಕಾದದ್ದು, ಕೆಟ್ಟಿರುವುದು ಒಳಗಿನ ಟ್ಯಾಂಕೋ ಬಿಡಿಭಾಗವೋ ಎಂಬುದು. ಕಾಯಿಲ್, ಥರ್ಮೋಸ್ಟಾಟ್, ವಾಷರ್, ವಾಲ್ವ್ ಇವೆಲ್ಲ ಬದಲಿಸಬಹುದಾದ ಭಾಗಗಳು. ಆದರೆ ಟ್ಯಾಂಕ್ ತೂತಾದರೆ ಹೊಸ ಗೀಸರ್ ತರುವುದೇ ಸರಿ, ಏಕೆಂದರೆ ಅದಕ್ಕೆ ಹಾಕಿದ ಬೆಸುಗೆ ಬಿಸಿನೀರಿನ ಒತ್ತಡಕ್ಕೆ ಬಹುಕಾಲ ತಾಳುವುದಿಲ್ಲ.

ಸೋರಿಕೆ ಪೈಪಿನ ಜೋಡಣೆಯಿಂದ ಬರುತ್ತಿದ್ದರೆ ದುರಸ್ತಿ ಸಾಕು. ಆದರೆ ಜೋಡಣೆಗಳೆಲ್ಲ ಒಣಗಿದ್ದು, ಹೊರಕವಚದ ತಳದಿಂದ ನೀರು ತೊಟ್ಟಿಕ್ಕುತ್ತಿದ್ದರೆ ಟ್ಯಾಂಕ್ ತೂತಾಗಿರುವ ಸಂಭವವೇ ಹೆಚ್ಚು. ಬಿಸಿನೀರು ಕೆಂಪಾಗಿ ಬಂದರೆ ತಣ್ಣೀರಿನ ನಳವನ್ನೂ ತಿರುಗಿಸಿ ನೋಡಬೇಕು. ಎರಡರಲ್ಲೂ ಕೆಂಪು ಬಂದರೆ ದೋಷ ಬೋರ್‌ವೆಲ್ಲಿನದು ಅಥವಾ ಪೈಪಿನದು. ಬಿಸಿನೀರಿನಲ್ಲಿ ಮಾತ್ರ ಬಂದರೆ ಟ್ಯಾಂಕಿಗೆ ತುಕ್ಕು ಹಿಡಿಯುತ್ತಿದೆ ಎಂದು ತಿಳಿಯಬೇಕು.

ಈ ತುಕ್ಕನ್ನು ತಡೆಯುವುದು ಟ್ಯಾಂಕಿನೊಳಗಿನ ಮೆಗ್ನೀಸಿಯಂ ಸಲಾಕೆ. ಆನೋಡ್ ಎಂದು ಕರೆಯುವ ಇದು ಟ್ಯಾಂಕಿನ ಉಕ್ಕಿನ ಬದಲು ತಾನು ಸವೆಯುತ್ತದೆ. ಅದು ಪೂರ್ತಿ ಸವೆದ ಮೇಲೆ ಟ್ಯಾಂಕಿನ ಸರದಿ ಬರುತ್ತದೆ. ಗದಗ, ಹಾವೇರಿಯ ಸವಳು ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ, ಹಾಗೆಯೇ ಮಲಪ್ರಭೆಯ ನೀರು ಬಾರದ ದಿನ ಬೋರ್‌ವೆಲ್ಲನ್ನೇ ನಂಬುವ ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಲ್ಲಿ, ಈ ಸಲಾಕೆಯನ್ನು ವರ್ಷಕ್ಕೊಮ್ಮೆ ತೆಗೆಸಿ ನೋಡುವುದು ಅಗತ್ಯ. ನೀರು ತುಂಬುವ ಹಬ್ಬಕ್ಕೆ ಮೊದಲೇ ಈ ಕೆಲಸ ಮುಗಿಸಿದರೆ ಚಳಿಗಾಲದ ನಡುವೆ ತೊಂದರೆಯಾಗದು. ಇಷ್ಟು ಮುಖ್ಯವಾದ ಭಾಗವನ್ನು ಅನೇಕ ಮನೆಗಳಲ್ಲಿ ಒಮ್ಮೆಯೂ ನೋಡದಿರುವುದು ನಿಜಕ್ಕೂ ಬೇಸರದ ಸಂಗತಿ.

ಸವಳು ನೀರಿನ ಸುಣ್ಣ ಕಾಯಿಲ್ ಮೇಲೆ ಪದರಗಟ್ಟಿದರೆ ಅದು ಅತಿಯಾಗಿ ಕಾದು ಬೇಗ ಸುಡುತ್ತದೆ. ಉದುರಿದ ಸುಣ್ಣ ತಳದಲ್ಲಿ ತುಂಬಿ ನೀರಿನ ಜಾಗವನ್ನು ಕಡಿಮೆ ಮಾಡುತ್ತದೆ. ಕಾಯುವಾಗ ಗಡಗಡ ಸದ್ದು, ಒಂದೇ ಬಕೆಟ್‌ಗೆ ಬಿಸಿನೀರು ಮುಗಿಯುವುದು ಇದರ ಗುರುತುಗಳು. ಸ್ವಚ್ಛಗೊಳಿಸಿದರೆ ಇದು ಸರಿಹೋಗುತ್ತದೆ, ಬದಲಾಯಿಸಬೇಕಿಲ್ಲ. ಉಷ್ಣತೆಯನ್ನು 50ರಿಂದ 55 ಡಿಗ್ರಿಗೆ ಇಟ್ಟುಕೊಂಡರೆ ಸುಣ್ಣ ಕಟ್ಟುವುದೂ ನಿಧಾನವಾಗುತ್ತದೆ.

ನೀರು ಕಾಯಲು ತಡವಾದರೆ ಮೊದಲು ವೋಲ್ಟೇಜ್ ಪರೀಕ್ಷಿಸಿಕೊಳ್ಳಿ. 2 ಕಿಲೋವ್ಯಾಟ್ ಕಾಯಿಲ್ ಇರುವ 15 ಲೀಟರ್ ಗೀಸರ್, 230 ವೋಲ್ಟ್ ಇದ್ದಾಗ 25 ಡಿಗ್ರಿಯ ನೀರನ್ನು 60 ಡಿಗ್ರಿಗೆ ತರಲು ಸುಮಾರು 18 ನಿಮಿಷ ತೆಗೆದುಕೊಂಡರೆ, 200 ವೋಲ್ಟ್‌ನಲ್ಲಿ ಸುಮಾರು 24 ನಿಮಿಷ ಬೇಕಾಗುತ್ತದೆ.

ನಳ ಮುಟ್ಟಿದಾಗ ಸ್ವಲ್ಪ ಜುಮ್ಮೆಂದರೂ ಗೀಸರನ್ನು ಮತ್ತೆ ಹಚ್ಚಬಾರದು. ಕೂಡಲೇ ಎಂಸಿಬಿ (ವಿದ್ಯುತ್ ಕಡಿಯುವ ಸ್ವಿಚ್) ಇಳಿಸಿ, ಎಲೆಕ್ಟ್ರಿಷಿಯನ್‌ರಿಂದ ಕಾಯಿಲ್ ಮತ್ತು ಅರ್ಥಿಂಗ್ ಎರಡನ್ನೂ ಪರೀಕ್ಷೆ ಮಾಡಿಸಬೇಕು.

ಟ್ಯಾಂಕ್ ಗಟ್ಟಿಯಾಗಿದ್ದರೂ ವಾರಂಟಿ ಮುಗಿದು ಬಹಳ ವರ್ಷಗಳಾಗಿ, ಒಂದಾದ ಮೇಲೊಂದು ಭಾಗ ಕೆಡುತ್ತಿದ್ದರೆ, ಅಥವಾ ಬಿಡಿಭಾಗಗಳೇ ಸಿಗದಿದ್ದರೆ ಬದಲಿಸುವುದು ಲೇಸು. ಹೊಸದನ್ನು ಕೊಳ್ಳುವಾಗ ಐಎಸ್‌ಐ ಗುರುತು, ಸ್ಟಾರ್ ಲೇಬಲ್, ಟ್ಯಾಂಕಿನ ವಾರಂಟಿ ನೋಡುವುದರ ಜೊತೆಗೆ, ಆನೋಡ್ ಸಲಾಕೆ ಊರಿನಲ್ಲೇ ದೊರೆಯುತ್ತದೆಯೇ ಎಂದು ಅಂಗಡಿಯವರನ್ನು ಕೇಳಿ.